ಧಣಿಯ ನಂಬಿಕೆ, ಕೆಲಸಗಾರ್ತಿಯ ವಂಕಿ

ನಮ್ಮೂರಿನ ಹೆಂಗಸೊಬ್ಬಳು ವಂಕಿ ಹಾಕಿಸಿಕೊಳ್ಳಬೇಕೆಂದರೆ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಾಳೆ. ಕಾಪರ್-ಟಿಗೆ ಅಲ್ಲಿ ದುಡ್ಡು ಕೊಡಬೇಕಿಲ್ಲ. ಅತ್ತೆ ಏನೆನ್ನುತ್ತಾಳೋ, ಗಂಡ ಏನೆನ್ನುತ್ತಾನೋ ಎಂಬ ಅಳುಕು ಇರಬಹುದು. ತಾನು ದುಡಿಯುವ ಅಂಗಡಿಯ ಧಣಿ ಏನೆನ್ನುತ್ತಾನೋ ಎಂದು ಅವಳು ಯೋಚಿಸುವುದೇ ಇಲ್ಲ. ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಮೈಸೂರು ಸಂಸ್ಥಾನ ಆದೇಶ ಹೊರಡಿಸಿದ್ದು 1930ರಲ್ಲಿ. ಇದು ಸರ್ಕಾರ ನೋಡಿಕೊಳ್ಳುವ ಕೆಲಸ ಎಂಬುದು ನಮಗೆ ಅಷ್ಟು ಹಳೆಯ ರೂಢಿ.

ಅಮೆರಿಕದಲ್ಲಿ ಮಾತ್ರ ಧಣಿ ನಡುವೆ ಬಂದು ನಿಂತಿದ್ದಾನೆ. ಅವನು ಅಲ್ಲಿಗೆ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1942ರಲ್ಲಿ ಸರ್ಕಾರ ಸಂಬಳದ ಏರಿಕೆಗೆ ಕಡಿವಾಣ ಹಾಕಿತು; ವಿಮೆಯಂಥ ಸವಲತ್ತುಗಳಿಗೆ ಆ ಕಡಿವಾಣ ಇರಲಿಲ್ಲ. ಕೆಲಸಕ್ಕೆ ಜನ ಸಿಗದೆ ಪರದಾಡುತ್ತಿದ್ದ ಕಂಪನಿಗಳು ಹೆಚ್ಚಿನ ಸಂಬಳದ ಬದಲಿಗೆ ಆರೋಗ್ಯ ವಿಮೆ ಕೊಡತೊಡಗಿದವು. ಯುದ್ಧ ಮುಗಿಯಿತು, ತೆರಿಗೆ ವಿನಾಯಿತಿಯ ಆಸರೆಯಲ್ಲಿ ಪದ್ಧತಿ ಉಳಿಯಿತು. ಕೆಲಸ ಹೋದರೆ ವಿಮೆಯೂ ಹೋದೀತೆಂಬ ಭಯ ಅಲ್ಲಿ ನೌಕರಿಗಿರುವ ಕನ್ನಡಿಗರಿಗೂ ಗೊತ್ತು. ಹುಟ್ಟಿನಿಂದಲೇ ವಿಮೆ ಸಂಬಳದ ಒಂದು ಪಾಲು ಎಂಬುದನ್ನು ಓದುಗರು ನೆನಪಿಡಬೇಕು. ಮುಂದೆ ಗರ್ಭನಿರೋಧಕಗಳ ಕುರಿತು ಎದ್ದ ಜಗಳದಲ್ಲಿ ಎಲ್ಲರೂ ಮರೆತದ್ದು ಅದನ್ನೇ.

2010ರ ಆರೋಗ್ಯ ಕಾನೂನಿನಡಿ ಬಂದ ನಿಯಮದಂತೆ, ಮಾನ್ಯತೆ ಪಡೆದ ಗರ್ಭನಿರೋಧಕಗಳನ್ನು ಕಂಪನಿಯ ವಿಮೆ ಕೈಯಿಂದ ಕಾಸು ಕೇಳದೆ ಒದಗಿಸಬೇಕಾಯಿತು. ಹೊಲಿಗೆ, ಕರಕುಶಲ ಸಾಮಗ್ರಿ ಮಾರುವ ಹಾಬಿ ಲಾಬಿ ಎಂಬ ಒಕ್ಲಹಾಮಾದ ಕಂಪನಿ ಕೋರ್ಟಿಗೆ ಹೋಯಿತು. ಅದರ ಒಡೆಯರಾದ ಗ್ರೀನ್ ಕುಟುಂಬ ನಿಷ್ಠಾವಂತ ಕ್ರೈಸ್ತರದು. ಭಾನುವಾರ ಅಂಗಡಿಗಳನ್ನೇ ತೆರೆಯುವುದಿಲ್ಲ. ನಿಯಮದಡಿ ಬರುವ ಇಪ್ಪತ್ತು ವಿಧಾನಗಳಲ್ಲಿ ಅವರು ತಕರಾರು ತೆಗೆದದ್ದು ನಾಲ್ಕಕ್ಕೆ: ಎರಡು ಬಗೆಯ ತುರ್ತು ಮಾತ್ರೆ, ಎರಡು ಬಗೆಯ ವಂಕಿ. ಫಲಿತ ಅಂಡ ಗರ್ಭಕೋಶಕ್ಕೆ ಅಂಟದಂತೆ ಇವು ತಡೆಯಬಹುದು, ಹಾಗಾದರೆ ಅದು ಜೀವಹತ್ಯೆ ಎಂಬುದು ಅವರ ನಂಬಿಕೆ. ಆ ನಂಬಿಕೆಯ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಿಲ್ಲ, ನಾನೂ ಶಂಕಿಸುವುದಿಲ್ಲ. ಆದರೆ ತುರ್ತು ಮಾತ್ರೆ ಮುಖ್ಯವಾಗಿ ಅಂಡ ಹೊರಬರುವುದನ್ನೇ ಮುಂದೂಡುತ್ತದೆ ಎಂದು ವೈದ್ಯರು ಆಗಲೇ ಹೇಳುತ್ತಿದ್ದರು. ಆ ತುರ್ತು ಮಾತ್ರೆಗಳಲ್ಲೊಂದಾದ ಪ್ಲಾನ್ ಬಿಯ ಮಾಹಿತಿಚೀಟಿಯನ್ನು ಅಮೆರಿಕದ ಔಷಧ ಇಲಾಖೆ ಅದರಂತೆ ತಿದ್ದಿದ್ದು 2022ರಲ್ಲಿ.

2014ರ ಜೂನ್ 30ರಂದು ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಕಂಪನಿಯ ಪರ ತೀರ್ಪಿತ್ತಿತು. ಆಧಾರ 1993ರ ಧಾರ್ಮಿಕ ಸ್ವಾತಂತ್ರ್ಯದ ಕಾನೂನು. ಮೂಲನಿವಾಸಿಗಳು ಪೂಜೆಯಲ್ಲಿ ಬಳಸುವ ಪೆಯೋಟಿ ಕಳ್ಳಿಯ ಪ್ರಕರಣದಲ್ಲಿ ಭಕ್ತರು ಸೋತಾಗ, ಅಂಥ ಕೈಲಾಗದವರ ರಕ್ಷಣೆಗೆಂದು ಹುಟ್ಟಿದ ಕಾನೂನು ಅದು. ಸಾವಿರಾರು ನೌಕರರ ಕಂಪನಿಯೊಂದು ಅದರ ನೆರಳಿಗೆ ಬಂದು ನಿಂತಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಅಲಿಟೋ, ಧರ್ಮಸಂಸ್ಥೆಗಳಿಗೆ ಆಗಲೇ ಇರುವ ಬಳಸುದಾರಿ ಕಂಪನಿಗೂ ಸಿಗಬಹುದಲ್ಲ ಎಂದರು: ಸಂಸ್ಥೆ ತನ್ನ ಆಕ್ಷೇಪ ತಿಳಿಸಿದರೆ ಸಾಕು, ವಿಮಾ ಕಂಪನಿಯೇ ನೇರವಾಗಿ ಖರ್ಚು ಹೊರುತ್ತದೆ.

ಆದರೆ ಆ ದಾರಿಯೂ ಪಾಪದ ದಾರಿಯೇ ಎಂದು ಧರ್ಮಸಂಸ್ಥೆಗಳು ಕೋರ್ಟಿನಲ್ಲಿದ್ದವು. ಬಡ ವೃದ್ಧರ ಆರೈಕೆ ಮಾಡುವ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂಬ ಸನ್ಯಾಸಿನಿಯರಿಗೆ ಆಕ್ಷೇಪ ತಿಳಿಸುವ ನಮೂನೆಗೆ ಸಹಿ ಹಾಕುವುದೂ ಒಪ್ಪಿಗೆಯಾಗಲಿಲ್ಲ. ತಾವು ಸಹಿ ಹಾಕಿದರೆ ತಾನೆ ಇನ್ನೊಬ್ಬರ ಕೈಯಿಂದ ಮಾತ್ರೆ ಸಿಗುವುದು ಎಂಬುದು ಅವರ ವಾದ. ಸನ್ಯಾಸಿನಿಯರ ಸೇವೆಯ ಬಗ್ಗೆ ನನಗೆ ಗೌರವವಿದೆ. ಆದರೂ ಈ ವಾದ ಒಪ್ಪಲಾರೆ. ಸಂಬಳ ಕೊಟ್ಟ ಮೇಲೆ ಕೆಲಸದವಳು ಆ ದುಡ್ಡಿನಲ್ಲಿ ಏನು ಕೊಂಡಳೆಂಬ ಪಾಪ ಪುಣ್ಯ ಧಣಿಯ ಲೆಕ್ಕಕ್ಕೆ ಸೇರದು. ವಿಮೆಯೂ ಅವಳು ದುಡಿದು ಗಳಿಸಿದ್ದೇ.

ಆಮೇಲೆ ಬಂದ ಟ್ರಂಪ್ ಸರ್ಕಾರ ಈ ವಿನಾಯಿತಿಯನ್ನು ಇನ್ನಷ್ಟು ಹಿಗ್ಗಿಸಿತು. 70,500ರಿಂದ 1,26,400 ಹೆಂಗಸರು ಸವಲತ್ತು ಕಳೆದುಕೊಳ್ಳಬಹುದೆಂಬುದು ಆ ಸರ್ಕಾರದ್ದೇ ಅಂದಾಜು. ಅದನ್ನು ಪ್ರಶ್ನಿಸಿದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂದಾಗ, 2020ರ ಮೇ ತಿಂಗಳಲ್ಲಿ, ವಿಚಾರಣೆ ಫೋನಿನಲ್ಲಿ ನಡೆಯಿತು. 87ರ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಆಸ್ಪತ್ರೆಯ ಹಾಸಿಗೆಯಿಂದಲೇ ಪ್ರಶ್ನೆ ಕೇಳಿದರು. ಕನಿಷ್ಠ ಕೂಲಿಯವಳಿಗೆ ವಂಕಿಯ ಖರ್ಚೆಂದರೆ ಹೆಚ್ಚುಕಡಿಮೆ ಒಂದು ತಿಂಗಳ ದುಡಿಮೆ ಎಂದು 2014ರ ಭಿನ್ನಮತದಲ್ಲೇ ಬರೆದಿದ್ದವರು ಅವರು. ಜುಲೈಯಲ್ಲಿ ತೀರ್ಪು ಬಂತು: 7-2, ಸರ್ಕಾರದ ಪರ. ಗಿನ್ಸ್‌ಬರ್ಗ್ ಮತ್ತೆ ಭಿನ್ನಮತ ಬರೆದರು, ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.