‘ಓ’ ಎಂದು ಬರೆದ ಕಾರ್ಡಿನ ಹಿಂದೆ

ರಕ್ತದಾನ ಶಿಬಿರದಿಂದ ‘ಓ’ ಎಂಬ ಕಾರ್ಡು ಹಿಡಿದು ಹೊರಬಂದವರೆಲ್ಲ ಓ ಗುಂಪಿನವರೇ ಎನ್ನುವಂತಿಲ್ಲ. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರು ಮೇಲ್ನೋಟದ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತಾರೆ. ಆದರೆ ಓ ರಕ್ತವನ್ನೇ ಏರಿಸಿದರೆ ಅವರ ಜೀವಕ್ಕೆ ಕುತ್ತು. 1952ರಲ್ಲಿ ವೈ.ಎಂ. ಭೇಂಡೆ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಗುಂಪಿನ ಬಗ್ಗೆ ಮೊದಲು ಬರೆದರು. ಅದು ಸಿಕ್ಕ ನಗರದ ಹೆಸರೇ ಅದಕ್ಕೆ ನಿಂತಿತು: ಬಾಂಬೆ ಬ್ಲಡ್ ಗ್ರೂಪ್. ಯುರೋಪಿನಲ್ಲಿ ಇಂಥವರು ಹತ್ತು ಲಕ್ಷಕ್ಕೊಬ್ಬರು ಸಿಕ್ಕರೆ ಹೆಚ್ಚು.

ಇದರ ಮೂಲ ಎಫ್‌ಯುಟಿ1 ಎಂಬ ಜೀನ್‌ನಲ್ಲಿದೆ. ಕೆಂಪುಕಣದ ಮೇಲೆ ಎಚ್ ಎಂಬ ಸಕ್ಕರೆಯ ಗುರುತನ್ನು ಕೂಡಿಸುವ ಕಿಣ್ವ ಈ ಜೀನ್‌ನಿಂದಲೇ ತಯಾರಾಗಬೇಕು. ಎ, ಬಿ ಗುರುತುಗಳು ಕೂರುವುದು ಎಚ್ ಮೇಲೆಯೇ. ಗೋಡೆಯಲ್ಲಿ ಮೊಳೆ ಇಲ್ಲದಿದ್ದರೆ ಪಟ ಮನೆಯಲ್ಲಿದ್ದೂ ತೂಗುಹಾಕಲಾಗದು. ಹಾಗೆಯೇ ಅಪ್ಪ ಅಮ್ಮನಿಂದ ಬಂದ ಎ, ಬಿ ಜೀನ್‌ಗಳು ಇಂಥವರಲ್ಲಿ ಇದ್ದೂ ಕಾಣಿಸುವುದಿಲ್ಲ. ಎಬಿ ಗುಂಪಿನ ತಂದೆಗೆ ‘ಓ’ ಮಗು ಹುಟ್ಟಿತೆಂದು ತಾಯಿಯ ಮೇಲೆ ಅನುಮಾನಪಡುವ ಮುನ್ನ ಈ ಸಾಧ್ಯತೆಯನ್ನು ನೋಡಲೇಬೇಕು. ಜೀನ್‌ನ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದಾಗಲಷ್ಟೇ ಈ ಗುಂಪು ಪ್ರಕಟವಾಗುತ್ತದೆ. ಆದ್ದರಿಂದ ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ರೂಢಿಯಿರುವ ಕುಟುಂಬಗಳಲ್ಲಿ, ನಮ್ಮ ಕರ್ನಾಟಕದವೂ ಸೇರಿದಂತೆ, ಅದರ ಸಾಧ್ಯತೆ ಹೆಚ್ಚು.

 ಮುಂಬೈಯ ಪರೇಲ್‌ನಲ್ಲಿರುವ ಕೆಇಎಂ ಆಸ್ಪತ್ರೆಯ ಆವರಣದಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಇದೆ. ವಿರಳ ರಕ್ತದ ದಾನಿಗಳ ರಾಷ್ಟ್ರೀಯ ಪಟ್ಟಿಯನ್ನು ಕಟ್ಟುತ್ತಿರುವವರು ಇವರು. ಒಂದೊಂದು ಗುರುತಿಗೂ ಬೇರೆ ಬೇರೆ ದುಬಾರಿ ಸೀರಮ್ ತರಿಸುವ ಬದಲು, ಪಿಸಿಆರ್ ಮೂಲಕ ದಾನಿಯ ಡಿಎನ್ಎಯಲ್ಲಿ ಹಲವು ಗುರುತುಗಳನ್ನು ಒಂದೇ ಬಾರಿಗೆ ಓದುವ ವಿಧಾನವನ್ನು ಬೆಳೆಸಿದ್ದಾರೆ.

ಇಂಥ ಪಟ್ಟಿ ಏಕೆ ಬೇಕೆನ್ನುವುದಕ್ಕೆ ಕೋಲಾರದ ಪ್ರಕರಣವೊಂದೇ ಸಾಕು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ದಾಖಲಾದ ಮಹಿಳೆಯದು ಓ ಪಾಸಿಟಿವ್. ಎಲ್ಲೆಡೆ ಸಿಗುವ ಗುಂಪು. ಆದರೆ ಯಾವ ಓ ರಕ್ತವನ್ನು ತಂದು ಕ್ರಾಸ್‌ಮ್ಯಾಚ್ ಮಾಡಿದರೂ ಹೊಂದಲಿಲ್ಲ. ಮಾದರಿ ಬೆಂಗಳೂರಿನ ರೋಟರಿ–ಟಿಟಿಕೆ ರಕ್ತ ಕೇಂದ್ರಕ್ಕೆ ಹೋಯಿತು. ಅಲ್ಲಿ ಡಾ. ಅಂಕಿತ್ ಮಾಥುರ್ ಅವರ ತಂಡ ಕುಟುಂಬದ 20 ಜನರ ರಕ್ತವನ್ನು ಪರೀಕ್ಷಿಸಿತು, ಒಬ್ಬರದೂ ಹೊಂದಲಿಲ್ಲ. ವೈದ್ಯರು ಎಚ್ಚರಿಕೆಯಿಂದ ರಕ್ತ ಏರಿಸದೆಯೇ ಶಸ್ತ್ರಚಿಕಿತ್ಸೆ ಮುಗಿಸಿದರು. ಆಕೆಯ ಮತ್ತು ಕುಟುಂಬದವರ ಮಾದರಿಗಳು ಇಂಗ್ಲೆಂಡಿನ ಬ್ರಿಸ್ಟಲ್‌ನ ಅಂತರರಾಷ್ಟ್ರೀಯ ಪ್ರಯೋಗಾಲಯ ತಲುಪಿದವು. ಹತ್ತು ತಿಂಗಳ ಹುಡುಕಾಟದ ನಂತರ ಕಾರಣ ಸಿಕ್ಕಿತು: ಕ್ರೋಮರ್ ಎಂಬ ರಕ್ತಗುಂಪು ವ್ಯವಸ್ಥೆಗೆ ಸೇರಿದ, ಜಗತ್ತಿನ ಬಹುತೇಕ ಎಲ್ಲರಲ್ಲೂ ಇರುವ ಒಂದು ಗುರುತು ಆಕೆಯಲ್ಲಿ ಇರಲಿಲ್ಲ. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ಸಮ್ಮೇಳನದಲ್ಲಿ ಅದಕ್ಕೆ ‘ಕ್ರಿಬ್’ ಎಂದು ಹೆಸರಾಯಿತು. ಮೊದಲರ್ಧ ಕ್ರೋಮರ್‌ನದು, ಉಳಿದದ್ದು ಇಂಡಿಯಾ, ಬೆಂಗಳೂರಿನದು. ಹೆಸರು ಸಿಕ್ಕಿತು ನಿಜ, ಆದರೆ ನಾಳೆ ಆಕೆಗೆ ರಕ್ತ ಬೇಕಾದರೆ ಕೊಡುವವರು ಯಾರು? ಸದ್ಯಕ್ಕೆ ಆಕೆಯದೇ ರಕ್ತವನ್ನು ಮುಂಚಿತವಾಗಿ ತೆಗೆದಿಡುವುದೇ ದಾರಿ.

ಜೀನ್ ತಿದ್ದುವ ಚಿಕಿತ್ಸೆಗಳ ಸುದ್ದಿ ಈಗ ದೊಡ್ಡದು. ಕ್ರಿಸ್ಪರ್ ತಂತ್ರದ ಮೊದಲ ಔಷಧಿ ಕ್ಯಾಸ್ಗೆವಿಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ಕುಡುಗೋಲು ಕಣ ರೋಗ ಮತ್ತು ಥಲಸ್ಸೀಮಿಯಾ ಇರುವವರಿಗೆ ಅದು ನಿಜವಾದ ಭರವಸೆ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಥಲಸ್ಸೀಮಿಯಾ ವಾಹಕರು ಹೆಚ್ಚಿರುವ ಸಿಂಧಿ, ಲೋಹಾಣಾ ಸಮುದಾಯಗಳವರು ಮುಂಬೈಯಲ್ಲಿ ಬಹಳ ಮಂದಿ ಇದ್ದಾರೆ. ಈ ಕಾಯಿಲೆ ತೀವ್ರವಾಗಿರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು. ಹೀಗೆ ಪದೇಪದೇ ಪರರ ರಕ್ತ ಪಡೆದಾಗ ಕೆಲವರ ದೇಹ ಅದರ ಗುರುತುಗಳ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಳ್ಳುತ್ತದೆ. ಆಮೇಲೆ ಹೊಂದುವ ರಕ್ತ ಸಿಗುವುದೇ ಕಷ್ಟ. ಜೀನ್ ತಿದ್ದುವ ಚಿಕಿತ್ಸೆ ಇವರ ಕೈಗೆಟುಕುವವರೆಗೆ, ಜೀನ್ ಓದಿ ಸರಿಯಾದ ದಾನಿಯನ್ನು ಹುಡುಕಿಕೊಡುವುದೇ ಹೆಚ್ಚು ಜನರಿಗೆ ಒದಗುವ ಚಿಕಿತ್ಸೆ ಎಂದು ನನ್ನ ದೃಢ ನಂಬಿಕೆ. ಹಣ ಇಲ್ಲಿಗೂ ಹರಿಯಬೇಕು.

ಸಂಗ್ರಹಿಸಿದ ಕೆಂಪುಕಣಗಳು ಸಾಮಾನ್ಯ ರಕ್ತನಿಧಿಯಲ್ಲಿ 35ರಿಂದ 42 ದಿನ ಬಾಳುತ್ತವೆ. ಗ್ಲಿಸರಾಲ್ ಬೆರೆಸಿ ಸೊನ್ನೆಗಿಂತ 65 ಡಿಗ್ರಿ ಕೆಳಗೆ ಇಟ್ಟರೆ ಹತ್ತು ವರ್ಷ ಉಳಿಸಬಹುದು, ಆದರೆ ಅಂಥ ಸೌಲಭ್ಯವಿರುವ ಕಡೆಗಳು ಕಡಿಮೆ. ಹೀಗಾಗಿ ಬಾಂಬೆ ಗುಂಪಿನವರಿಗೆ ಫೋನ್ ಮಾಡಿದರೆ ಬರುವ ದಾನಿಯೇ ಆಧಾರ. ಆ ದಾನಿ ಸಿಗಬೇಕಾದರೆ ಮೊದಲು ಗುರುತಾಗಬೇಕು. ಎ, ಬಿ ಸೀರಮ್‌ನ ಹನಿ ಹಾಕಿ ನಿಲ್ಲಿಸದೆ, ವ್ಯಕ್ತಿಯ ಸೀರಮ್ಮನ್ನು ಓ ಕಣಗಳೊಂದಿಗೂ ಬೆರೆಸಿ ನೋಡಿದರೆ ಸಾಕು: ಕಣಗಳು ಗುಂಪುಗಟ್ಟಿದರೆ ಅನುಮಾನ ಹುಟ್ಟುತ್ತದೆ, ಮುಂದಿನ ಪರೀಕ್ಷೆ ಖಚಿತಪಡಿಸುತ್ತದೆ. ಒಬ್ಬರು ಬಾಂಬೆ ಗುಂಪಿನವರೆಂದು ತಿಳಿದ ಕೂಡಲೇ ಅವರ ಒಡಹುಟ್ಟಿದವರ ರಕ್ತವನ್ನೂ ಪರೀಕ್ಷಿಸಬೇಕು. ಒಬ್ಬೊಬ್ಬರಲ್ಲೂ ಅದೇ ರಕ್ತ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು.