ಏಟಿನ ಎಣಿಕೆ, ಏಟಿನ ತೂಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಎಣಿಕೆಗೂ ತೂಕಕ್ಕೂ ಇರುವ ವ್ಯತ್ಯಾಸವನ್ನು ಹೇಳಿಕೊಡಬೇಕಾಗಿಲ್ಲ. ತೋಟದಲ್ಲಿ ಕಾಯಿಯನ್ನು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿ ಉಂಡೆ ಕೊಬ್ಬರಿಯಾದ ಮೇಲೆ ಅದನ್ನೇ ಕ್ವಿಂಟಾಲಿನಲ್ಲಿ ತೂಗುತ್ತಾರೆ. ಇಬ್ಬರ ಅಟ್ಟದಲ್ಲೂ ಸಾವಿರ ಕಾಯಿ ಇದ್ದರೂ ಕೊಬ್ಬರಿಯ ತೂಕ ಒಂದೇ ಆಗಬೇಕಿಲ್ಲ. ಮನೆಯೊಳಗಿನ ಹಿಂಸೆಯನ್ನು ಅಳೆಯುವಾಗಲೂ ಇದೇ ತೊಡಕು ಎದುರಾಗುತ್ತದೆ. ‘ಗಂಡಸರಷ್ಟೇ ಹೆಂಗಸರೂ ಹೊಡೆಯುತ್ತಾರೆ, ಸಂಶೋಧನೆಯೇ ಹಾಗೆ ಹೇಳಿದೆ’ ಎಂಬ ಮಾತನ್ನು ನೀವು ಕೇಳಿರಬಹುದು. ಅದು ಬಂದದ್ದೆಲ್ಲಿಂದ?

1979ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮರೇ ಸ್ಟ್ರಾಸ್ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ‘ಸಂಘರ್ಷ ತಂತ್ರಗಳ ಮಾಪಕ’ ಎಂದು ಅದನ್ನು ಕರೆಯಬಹುದು. ಕಳೆದ ಒಂದು ವರ್ಷದಲ್ಲಿ ನೀವು ಸಂಗಾತಿಯನ್ನು ಎಷ್ಟು ಸಲ ತಳ್ಳಿದಿರಿ, ಕೆನ್ನೆಗೆ ಹೊಡೆದಿರಿ, ಒದ್ದಿರಿ? ಸಂಗಾತಿ ನಿಮಗೆ ಎಷ್ಟು ಸಲ? ಹೀಗೆ ಕೇಳಿ ಎಣಿಸಿದಾಗ ಗಂಡು ಹೆಣ್ಣುಗಳ ಅಂಕಿಗಳು ಹತ್ತಿರ ಹತ್ತಿರ ಬಂದವು. ಮೊದಲು ಕೈ ಎತ್ತಿದವರು ಯಾರು, ಏಟು ತಪ್ಪಿಸಿಕೊಳ್ಳಲು ತಳ್ಳಿದ್ದೋ ಅಲ್ಲವೋ, ಮೂಳೆ ಮುರಿಯಿತೋ ಇಲ್ಲವೋ ಎಂಬುದನ್ನು ಆ ಎಣಿಕೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1996ರಲ್ಲಿ ಪರಿಷ್ಕರಿಸಿದಾಗ ಗಾಯದ ಪ್ರಶ್ನೆಗಳನ್ನೂ ಸೇರಿಸಿದರು.

2000ದಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ಜಾನ್ ಆರ್ಚರ್ ಇಂತಹ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಏಟುಗಳ ಎಣಿಕೆಯಲ್ಲಿ ಹೆಂಗಸರು ಕೂದಲೆಳೆಯಷ್ಟು ಮುಂದಿದ್ದರು. ಆದರೆ ಗಾಯಗೊಂಡವರಲ್ಲಿ ನೂರಕ್ಕೆ 62 ಮಂದಿ ಹೆಂಗಸರು. ಈ ಎರಡೂ ಅಂಕಿಗಳು ಒಂದೇ ಲೇಖನದಲ್ಲಿವೆ. ಚರ್ಚೆಯಲ್ಲಿ ಮಾತ್ರ ಒಬ್ಬೊಬ್ಬರು ಒಂದೊಂದನ್ನು ಹಿಡಿದುಕೊಳ್ಳುತ್ತಾರೆ. ಅದಕ್ಕೂ ಮೊದಲೇ, 1995ರಲ್ಲಿ, ಮೈಕೆಲ್ ಜಾನ್ಸನ್ ಇನ್ನೊಂದು ಸಂಗತಿಯನ್ನು ತೋರಿಸಿದ್ದರು. ಜಗಳ ಕಾವೇರಿದಾಗ ಇಬ್ಬರೂ ಕೈಮಾಡುವುದು ಒಂದು ಬಗೆ. ಹೆದರಿಸಿ, ಕಾಸಿಗೂ ಕೈಯೊಡ್ಡುವಂತೆ ಮಾಡಿ ಒಬ್ಬರನ್ನು ಹಿಡಿತದಲ್ಲಿಟ್ಟುಕೊಳ್ಳುವುದು ಬೇರೆಯೇ ಬಗೆ. ಮನೆಮನೆಯ ಸಮೀಕ್ಷೆಗೆ ಸಿಗುವುದು ಹೆಚ್ಚಾಗಿ ಮೊದಲನೆಯದು. ಆಸ್ಪತ್ರೆಗೆ, ಠಾಣೆಗೆ, ಆಶ್ರಯಧಾಮಕ್ಕೆ ಬರುವುದು ಹೆಚ್ಚಾಗಿ ಎರಡನೆಯದು, ಮತ್ತು ಅಲ್ಲಿ ಹೊಡೆಯುವವನು ಬಹುಮಟ್ಟಿಗೆ ಗಂಡಸೇ. ಬಲೆಯ ಕಣ್ಣು ಬೇರೆಯಾದರೆ ಸಿಕ್ಕುವ ಮೀನೂ ಬೇರೆ.

ನಮ್ಮ ದೇಶದಲ್ಲಿ ಇದನ್ನು ಅಳೆಯುವ ಮುಖ್ಯ ಸಾಧನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಅದನ್ನು ನಡೆಸುತ್ತದೆ. ಅದು ‘ನಿಮ್ಮ ಮೇಲೆ ಹಿಂಸೆ ನಡೆದಿದೆಯೇ’ ಎಂದು ಕೇಳುವುದಿಲ್ಲ. ‘ಗಂಡ ಕೆನ್ನೆಗೆ ಹೊಡೆದಿದ್ದಾನೆಯೇ, ಕೈ ತಿರುಚಿದ್ದಾನೆಯೇ, ಒದ್ದಿದ್ದಾನೆಯೇ’ ಎಂದು ಒಂದೊಂದಾಗಿ ಕೇಳುತ್ತದೆ. ಇದು ಜಾಣತನವೇ ಸರಿ. ಏಕೆಂದರೆ 2019-20ರ ಸುತ್ತಿನಲ್ಲಿ, ಯಾವುದಾದರೊಂದು ಕಾರಣಕ್ಕೆ ಗಂಡ ಹೆಂಡತಿಯನ್ನು ಹೊಡೆಯುವುದು ಸರಿ ಎಂದವರು ಕರ್ನಾಟಕದ ಗಂಡಸರಲ್ಲಿ ನೂರಕ್ಕೆ ಸುಮಾರು 82. ಹೆಂಗಸರಲ್ಲೂ ಸುಮಾರು 77. ಸಾರಿನಲ್ಲಿ ಉಪ್ಪು ಹೆಚ್ಚಾದದ್ದಕ್ಕೆ ಬಿದ್ದ ಏಟನ್ನು ಅವರು ‘ಹಿಂಸೆ’ ಎಂದು ಹೇಗೆ ಹೆಸರಿಸಿಯಾರು? ಆದರೆ ಗಂಡಂದಿರಿಗೆ ‘ಹೆಂಡತಿ ನಿಮ್ಮನ್ನು ಹೊಡೆದಿದ್ದಾಳೆಯೇ’ ಎಂಬ ಪ್ರಶ್ನೆ ಇಲ್ಲ. ‘ಗಂಡ ಹೊಡೆಯದಿದ್ದಾಗ ನೀವೇ ಹೊಡೆದದ್ದುಂಟೇ’ ಎಂದು ಹೆಂಡತಿಯರನ್ನೇ ಕೇಳುತ್ತಾರೆ, ಹೌದೆನ್ನುವವರು ಬೆರಳೆಣಿಕೆಯಷ್ಟು. ತಕ್ಕಡಿಯ ಒಂದು ತಟ್ಟೆಯನ್ನಷ್ಟೇ ನೋಡಿ ಹೇಳಿದ ಉತ್ತರವಿದು ಎಂಬ ಆಕ್ಷೇಪದಲ್ಲಿ ಹುರುಳಿದೆ.

ಈಗ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಅಂಕಿಗೆ ಬರೋಣ. ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಎಂದಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ 2015-16ರಲ್ಲಿ ನೂರಕ್ಕೆ 20.6. ನಾಲ್ಕೇ ವರ್ಷಗಳ ನಂತರ, 2019-20ರಲ್ಲಿ, 44.4! ಇದು ಮಾದರಿಯ ಯಾದೃಚ್ಛಿಕ ದೋಷವಲ್ಲ. ಅಷ್ಟು ದೊಡ್ಡ ಮಾದರಿಯಲ್ಲಿ ಅಂತಹ ದೋಷ ಕೆಲವೇ ಅಂಶಗಳಷ್ಟು. ‘ಎಂದಾದರೂ’ ಎಂಬ ಮಾತನ್ನು ಗಮನಿಸಿ. ಅದು ಸ್ಕೂಟರಿನ ಕಿಲೋಮೀಟರ್ ಅಂಕಿಯಂತೆ, ಕೂಡುತ್ತಲೇ ಹೋಗುವಂಥದ್ದು. ಎರಡೂ ಸುತ್ತುಗಳ ಕಾಲಕ್ಕೆ ರಾಜ್ಯದಲ್ಲಿದ್ದ ವಿವಾಹಿತೆಯರು ಬಹುಪಾಲು ಅವರೇ. ಮೊದಲ ಅಂಕಿ ನಿಜವಾದರೆ, ಅಲ್ಲಿಯವರೆಗೆ ಏಟು ಕಾಣದ 79.4ರಲ್ಲಿ 23.8, ಅಂದರೆ ನೂರಕ್ಕೆ ಮೂವತ್ತು ಮಂದಿ, ಈ ನಾಲ್ಕು ವರ್ಷಗಳಲ್ಲಿ ಮೊದಲ ಸಲ ಏಟು ತಿಂದಿರಬೇಕು. ಹೊಸದಾಗಿ ಮದುವೆಯಾದವರನ್ನು ಸೇರಿಸಿದರೂ ಲೆಕ್ಕ ಹೆಚ್ಚು ಬದಲಾಗದು. ಇದು ನಂಬುವ ಮಾತಲ್ಲ. ನೆರೆಯ ತಮಿಳುನಾಡು, ಆಂಧ್ರಗಳಲ್ಲಿ 2015-16ರಲ್ಲಿಯೇ ಅಂಕಿ 40ನ್ನು ಮೀರಿತ್ತು. ಹಾಗಾಗಿ ನನಗೆ ಸಂಶಯವಿರುವುದು 44ರ ಮೇಲಲ್ಲ, 20ರ ಮೇಲೆ. ಆಗ ಹಿಂಸೆ ಕಡಿಮೆಯಿತ್ತು ಎನ್ನುವುದಕ್ಕಿಂತ ಹೇಳಿಕೊಂಡವರು ಕಡಿಮೆ ಎನ್ನುವುದು ಹೆಚ್ಚು ಸಂಭವನೀಯ.

ಹೇಳಿಕೊಳ್ಳುವುದು ಸುಲಭವೇ? ಜಗಲಿಯ ಮೇಲೆ ಅತ್ತೆ ಕೂತಿರುವಾಗ ಸೊಸೆ ಏನು ಹೇಳಿಯಾಳು! ಅದಕ್ಕೆಂದೇ ಒಂದು ಮನೆಯಲ್ಲಿ ಒಬ್ಬಳನ್ನೇ ಆರಿಸಿ, ಬೇರೆ ಯಾರೂ ಇಲ್ಲದಾಗ ಕೇಳಬೇಕೆಂಬ ನಿಯಮವಿದೆ. ಏಕಾಂತ ಸಿಗದಿದ್ದರೆ ಆ ಭಾಗವನ್ನು ಕೈಬಿಡಬೇಕು. ದೇಶದಲ್ಲಿ ಹಿಂಸೆ ಅನುಭವಿಸಿದೆವೆಂದು ಸಮೀಕ್ಷೆಗೆ ಹೇಳಿದವರಲ್ಲಿಯೂ ಯಾರದಾದರೂ ನೆರವು ಕೇಳಿದವರು ನೂರಕ್ಕೆ 14 ಮಾತ್ರ. ಠಾಣೆಯ ದಾಖಲೆಯಿಂದ ಹಿಂಸೆಯನ್ನು ಅಳೆಯಲು ಹೊರಟವರು ಇದನ್ನು ನೆನಪಿಡಬೇಕು.

ಇನ್ನು ನಮ್ಮ ತೆಂಗಿನ ಸೀಮೆಯ ಅಂಕಿ ಎಷ್ಟು ಎಂದು ನೀವು ಕೇಳಬಹುದು. ಈ ಪ್ರಶ್ನೆಗಳನ್ನು ಆಯ್ದ ಕೆಲವು ಮನೆಗಳಲ್ಲಷ್ಟೇ ಕೇಳುವುದರಿಂದ ಅಂಕಿ ರಾಜ್ಯದ ಮಟ್ಟಕ್ಕೆ ನಿಲ್ಲುತ್ತದೆ. ತುಮಕೂರು ಜಿಲ್ಲೆಯ ಪತ್ರಿಕೆಯಲ್ಲಿ ರಕ್ತಹೀನತೆಯ ಅಂಕಿ ಇದೆ, ಲಸಿಕೆಯ ಅಂಕಿ ಇದೆ. ಈ ಸಾಲು ಮಾತ್ರ ಇಲ್ಲ. ‘ನಮ್ಮ ಕಡೆ ಅಂಥದ್ದೆಲ್ಲ ಇಲ್ಲ’ ಎಂದು ಯಾರಾದರೂ ಹೇಳಿದರೆ, ಯಾವ ಮಾಪಕದಿಂದ ಅಳೆದಿರಿ ಎಂದು ಕೇಳಿ ನೋಡಿ.