ಲವಣ, ಕ್ಷಾರ, ಸವುಳು: ಲೋಣಾರದ ನಿದರ್ಶನ

ಚಿಕಲಠಾಣಾದಿಂದ ಜಾಲನಾ ಮಾರ್ಗವಾಗಿ ಪೂರ್ವಕ್ಕೆ ಸಾಗಿದರೆ ಬುಲಢಾಣಾ ಜಿಲ್ಲೆಯ ಲೋಣಾರ ಸರೋವರ ಸಿಗುತ್ತದೆ. ಅಲ್ಲಿರುವುದು ಅಡುಗೆಯ ಉಪ್ಪೊಂದೇ ಅಲ್ಲ. ಸೋಡಿಯಂ ಪರಮಾಣು ತನ್ನೊಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಬಿಟ್ಟುಕೊಟ್ಟಾಗ ವಿರುದ್ಧ ವಿದ್ಯುದಂಶದ ಅಯಾನುಗಳೆರಡೂ ಆಕರ್ಷಿತವಾಗಿ ಆ ಉಪ್ಪು ಉಂಟಾಗುತ್ತದೆ. ಲೋಣಾರದಲ್ಲಿಯಾದರೋ, ಇಂಗಾಲದ ಡೈಆಕ್ಸೈಡ್ ಕರಗಿದ ಮಳೆನೀರು ಕಪ್ಪುಶಿಲೆಯಿಂದ ಬಿಡಿಸಿದ ಸೋಡಿಯಂ, ಕಾರ್ಬೊನೇಟಿನೊಡನೆ ಕೂಡಿ ಸೋಡವೂ ಆಗುತ್ತದೆ; ಹೊರಹರಿವಿಲ್ಲದ ಆ ಕುಳಿಯಲ್ಲಿ ನೀರು ಆವಿಯಾಗಿ ಲವಣ ಉಳಿಯುತ್ತದೆ. ದುರ್ಬಲ ಆಮ್ಲ, ಪ್ರಬಲ ಪ್ರತ್ಯಾಮ್ಲಗಳಿಂದ ಹುಟ್ಟಿದ್ದರಿಂದ ಸೋಡವು ಲವಣವಾಗಿದ್ದೂ ಕ್ಷಾರಗುಣವುಳ್ಳದ್ದು. ಸರೋವರದ ಪಿಎಚ್ ಸುಮಾರು 10. ಹಳಗನ್ನಡ ಗ್ರಂಥಗಳಲ್ಲಿ 'ಕ್ಷಾರ'ವೆಂದಿರುವಲ್ಲಿ 'ಲವಣವಲ್ಲದ್ದು' ಎಂದು ಅರ್ಥೈಸುವವರು (ನಾನೂ ಹಾಗೆ ಮಾಡಿದ್ದುಂಟು) ಇದನ್ನು ಲಕ್ಷಿಸಬೇಕು. ಅಗಸರು ಬಟ್ಟೆಗೆ ಬಳಸುತ್ತಿದ್ದ ಸವುಳು ಮಣ್ಣಿನ ಗುಣಕ್ಕೂ ಈ ಸೋಡವೇ ಕಾರಣ.